ಸ್ಟ್ರಾಬೆರಿ: ಚಳಿಗಾಲಕ್ಕೆ ಬಯಲಿನಲ್ಲಿ, ಮಳೆಗಾಲಕ್ಕೆ ಮನೆಯೊಳಗೆ

ಚಿಕ್ಕಮಗಳೂರು, ಹಾಸನದ ಕಡೆ ಸ್ಟ್ರಾಬೆರಿ ಬೆಳೆಯುವ ಆಸೆ ಹುಟ್ಟಿದವರು ಈಗೀಗ ಮೊದಲು ವಿಚಾರಿಸುವುದು ಗ್ರೋ ಲೈಟ್, ಅಂದರೆ ಬಿಸಿಲಿನ ಬದಲು ಗಿಡಕ್ಕೆ ಬೆಳಕು ಕೊಡುವ ದೀಪದ ಬಗ್ಗೆ. ಹೊರದೇಶದ ವಿಡಿಯೋಗಳಲ್ಲಿ ನೇರಳೆ ಬೆಳಕಿನ ಕೋಣೆಗಳನ್ನು ನೋಡಿ, ನಮಗೂ ಅದೇ ದಾರಿ ಎಂದುಕೊಳ್ಳುತ್ತಾರೆ. ನಮ್ಮ ಎರಡು ಜಿಲ್ಲೆಗಳ ಮಟ್ಟಿಗೆ ಆ ಕ್ರಮ ತಲೆಕೆಳಗು. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಇಲ್ಲಿಯ ಹವೆ ಸ್ಟ್ರಾಬೆರಿಗೆ ಹೇಳಿ ಮಾಡಿಸಿದಂತಿರುತ್ತದೆ. ಇಲ್ಲಿ ಗಿಡ ಕೆಡುವುದು ಬೆಳಕು ಸಾಲದೆ ಅಲ್ಲ. ಮಳೆ, ಮಂಜು, ಬುಡದಲ್ಲಿ ನಿಂತ ನೀರು, ಈ ಮೂರರಿಂದ. ಹಾಗಾಗಿ ಕೈಯಲ್ಲಿರುವ ದುಡ್ಡು ಮೊದಲು ಗಿಡದ ಮೇಲಿನ ಹೊದಿಕೆಗೆ ಹೋಗಲಿ, ದೀಪದ ಮಾತು ಆಮೇಲೆ. ದೀಪಕ್ಕೂ ಒಂದು ಕಾಲವಿದೆ, ಜೂನ್‌ನಿಂದ ಸೆಪ್ಟೆಂಬರ್. ಆಗ ಅದರಿಂದ ಏನು ಮಾಡಿಸಿಕೊಳ್ಳಬಹುದು ಎಂಬುದನ್ನೂ ಮುಂದೆ ವಿವರವಾಗಿ ಬರೆದಿದ್ದೇನೆ.

ಹೂವು ಬಿಡಲು ಗಿಡ ಏನನ್ನು ನೋಡುತ್ತದೆ

ಇದು ತಿಳಿಯದೆ ತಳಿ ಆರಿಸಿದರೆ ಉಳಿದ ಶ್ರಮವೆಲ್ಲ ನೀರುಪಾಲು.

ಸ್ಟ್ರಾಬೆರಿಯಲ್ಲಿ ನಮಗೆ ಬೇಕಾದ ಬಗೆಗಳು ಎರಡು. ಒಂದು, ಹಗಲು ಚಿಕ್ಕದಾದಾಗ ಹೂ ಬಿಡುವವು, ಶಾರ್ಟ್-ಡೇ ತಳಿಗಳು. ಸ್ವೀಟ್ ಚಾರ್ಲಿ, ವಿಂಟರ್ ಡಾನ್, ಕ್ಯಾಮರೋಸಾ ಈ ಗುಂಪಿನವು. ಮಹಾಬಲೇಶ್ವರ, ಪಂಚಗಣಿಯ ಕಡೆಯಿಂದ ನಮ್ಮಲ್ಲಿಗೆ ಬರುವ ಸಸಿಗಳಲ್ಲಿ ಇವೇ ಹೆಚ್ಚು. ಇವಕ್ಕೆ ಹಗಲು ಸುಮಾರು 14 ಗಂಟೆಗಿಂತ ಕಡಿಮೆ ಇರಬೇಕು. ಚಳಿ 15 ಡಿಗ್ರಿಗಿಂತ ಕೆಳಗಿಳಿದರೆ ಹಗಲಿನ ಉದ್ದ ಎಷ್ಟಿದ್ದರೂ ಹೂ ಕಟ್ಟುತ್ತವೆ. ಎರಡನೆಯದು, ಹಗಲಿನ ಉದ್ದವನ್ನು ಲೆಕ್ಕಕ್ಕೆ ಇಟ್ಟುಕೊಳ್ಳದೆ ತಾವಾಗಿ ಹೂ ಬಿಡುತ್ತಲೇ ಹೋಗುವ ಡೇ-ನ್ಯೂಟ್ರಲ್ ತಳಿಗಳು. ಆಲ್ಬಿಯನ್, ಸ್ಯಾನ್ ಆಂಡ್ರಿಯಾಸ್, ಮಾಂಟೆರೆ ಇವುಗಳಲ್ಲಿ ಹೆಸರಾದವು. ಅಮೆರಿಕದ ಯೂಟಾದ ವಾಸಾಚ್ ಬೆಟ್ಟಗಳಲ್ಲಿ ಸಿಕ್ಕ ಕಾಡು ಸ್ಟ್ರಾಬೆರಿಯೊಂದರಿಂದ ಈ ಗುಣವನ್ನು ತೆಗೆದುಕೊಂಡು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಾಯ್ಸ್ ಬ್ರಿಂಗ್‌ಹರ್ಸ್ಟ್ ಇಂಥ ತಳಿಗಳ ದಾರಿ ತೆರೆದರು.

'ತಾವಾಗಿ' ಎಂದ ಮಾತ್ರಕ್ಕೆ ಯಾವ ಷರತ್ತೂ ಇಲ್ಲವೆಂದಲ್ಲ. ಹಗಲಿನ ಬಿಸಿ 28–30 ಡಿಗ್ರಿ ದಾಟಿ ವಾರಗಟ್ಟಲೆ ನಿಂತರೆ ಡೇ-ನ್ಯೂಟ್ರಲ್ ಗಿಡವೂ ಹೂ ಕಡಿಮೆ ಮಾಡುತ್ತದೆ. ತಂಪಿನಲ್ಲಿ ಇಟ್ಟು ಉದ್ದ ಬೆಳಕು ಕೊಟ್ಟರೆ ಹೂ ಇನ್ನಷ್ಟು ಬರುತ್ತದೆ. ಒಟ್ಟಿನಲ್ಲಿ ಅದು ಹಗಲಿಗಿಂತ ಬಿಸಿಲಿನ ಕಾವಿಗೆ ಹೆಚ್ಚು ಅಂಜುವ ಗಿಡ.

ಈಗ ನಮ್ಮ ಊರಿನ ಹಗಲು ನೋಡಿ. ಚಿಕ್ಕಮಗಳೂರು, ಹಾಸನ ಎರಡೂ 13 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿವೆ. ಇಲ್ಲಿ ಡಿಸೆಂಬರ್ ಕೊನೆಯ ಹಗಲು ಸುಮಾರು 11 ಗಂಟೆ 20 ನಿಮಿಷ, ಜೂನ್ ಕೊನೆಯದು ಸುಮಾರು 12 ಗಂಟೆ 55 ನಿಮಿಷ. ವರ್ಷವಿಡೀ ನೋಡಿದರೂ ವ್ಯತ್ಯಾಸ ಒಂದೂವರೆ ಗಂಟೆಯ ಸುತ್ತಮುತ್ತ. 14 ಗಂಟೆಯ ಗೆರೆಯನ್ನು ನಮ್ಮ ಹಗಲು ಯಾವತ್ತೂ ಮುಟ್ಟುವುದೇ ಇಲ್ಲ. ಎಂದರೆ ಬಯಲಿನಲ್ಲಿ ಬೆಳೆಯುವವರಿಗೆ ಶಾರ್ಟ್-ಡೇ ತಳಿಯೂ ಒಗ್ಗುತ್ತದೆ, ಡೇ-ನ್ಯೂಟ್ರಲ್ ತಳಿಯೂ ಒಗ್ಗುತ್ತದೆ. ತಳಿಯ ಬಗೆ ನಿಜವಾಗಿ ಮುಖ್ಯವಾಗುವುದು ಗಿಡವನ್ನು ಮನೆಯೊಳಗೆ ದೀಪದ ಕೆಳಗೆ ತಂದಾಗ. ಸ್ವೀಟ್ ಚಾರ್ಲಿಗೆ ಕೋಣೆಯಲ್ಲಿ ದಿನಕ್ಕೆ 16 ಗಂಟೆ ದೀಪ ಹಾಕಿದರೆ ಅದು ಹಣ್ಣು ಕೊಡದೆ ಬಳ್ಳಿ ಹಬ್ಬಿಸುತ್ತದೆ. 'ಎಲೆ ಚೆನ್ನಾಗಿದೆ, ಹೂವೇ ಇಲ್ಲ' ಎನ್ನುವವರ ಗಿಡ ಬಹುಪಾಲು ಇದೇ ಆಗಿರುತ್ತದೆ. ಮನೆಯೊಳಗೆ ಹಣ್ಣು ಬೇಕಿದ್ದರೆ ಡೇ-ನ್ಯೂಟ್ರಲ್ ತಳಿಯನ್ನೇ ಕೇಳಿ ತರಿಸಿ.

ಹೊಸಬರು ಬಯಲಿಗೆ ಸ್ವೀಟ್ ಚಾರ್ಲಿ ಅಥವಾ ವಿಂಟರ್ ಡಾನ್, ಒಳಗೆ ಆಲ್ಬಿಯನ್ ಹಿಡಿಯಲಿ. ಆಲ್ಬಿಯನ್ ಹಣ್ಣು ಗಟ್ಟಿ, ಸಿಹಿ. ಬುಡ ಕೊಳೆಯುವ ರೋಗಕ್ಕೂ ತಕ್ಕಮಟ್ಟಿಗೆ ತಡೆಯುತ್ತದೆ. ಮಾಂಟೆರೆಯ ರುಚಿ ಬಹಳ ಚೆನ್ನ, ಆದರೆ ಬೂದಿ ರೋಗ ಬೇಗ ಹಿಡಿಯುವುದರಿಂದ ಗಾಳಿಯಾಡದ ಕೋಣೆಗೆ ಬೇಡ.

ಯಾವ ಊರು, ಯಾವ ಜಾಗ

ಗಿಡಕ್ಕೆ ಇಷ್ಟವಾದದ್ದು ಹಗಲು 18ರಿಂದ 25 ಡಿಗ್ರಿ, ರಾತ್ರಿ 10ರಿಂದ 15 ಡಿಗ್ರಿ. ಚಿಕ್ಕಮಗಳೂರು ಪೇಟೆ ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಎತ್ತರದಲ್ಲಿದೆ, ಹಾಸನ ಸುಮಾರು 970. ಚಳಿಗಾಲದ ರಾತ್ರಿ ಎರಡೂ ಕಡೆ 15ರ ಆಸುಪಾಸಿಗೆ ಇಳಿಯುತ್ತದೆ. ಬಾಬಾಬುಡನ್‌ಗಿರಿ, ಮುಳ್ಳಯ್ಯನಗಿರಿಯ ತಪ್ಪಲಿನ ತೋಟಗಳಲ್ಲಿ ಇನ್ನೂ ಕೆಳಗೆ. ಹಗಲಿನ ಬಿಸಿ ಜನವರಿವರೆಗೆ ತೊಂದರೆ ಕೊಡುವುದಿಲ್ಲ, ಫೆಬ್ರುವರಿ ಕೊನೆಯಿಂದ ಕಾವು ಏರುತ್ತದೆ. ಅರಸೀಕೆರೆ, ಕಡೂರಿನ ಬಯಲುಸೀಮೆಯಲ್ಲಿ ಈ ಕಾವು ಬೇಗ ಬರುವುದರಿಂದ ಅಲ್ಲಿ ನಾಟಿ ತಡ ಮಾಡಬಾರದು. ಶೃಂಗೇರಿ, ಕೊಪ್ಪದ ಕಡೆ ಎತ್ತರ ಕಡಿಮೆ, ತೇವ ಜಾಸ್ತಿ; ಅಲ್ಲಿ ಹೊದಿಕೆ ಇಲ್ಲದೆ ಕೈ ಹಾಕಬೇಡಿ.

ಕಾಫಿ ತೋಟದವರಿಗೆ ಒಂದು ಮಾತು. ಸಿಲ್ವರ್ ಓಕ್, ಹಾಲುವಾಣದ ನೆರಳಿನಲ್ಲಿ ಖಾಲಿ ಜಾಗ ಕಂಡಿತೆಂದು ಅಲ್ಲಿ ಸ್ಟ್ರಾಬೆರಿ ಇಡಬೇಡಿ. ಇದಕ್ಕೆ ದಿನಕ್ಕೆ ಕನಿಷ್ಠ ಆರು ಗಂಟೆ ನೇರ ಬಿಸಿಲು ಬೇಕು. ಮನೆಯ ಅಂಗಳ, ತೋಟದ ಬಿಸಿಲು ಬೀಳುವ ಅಂಚು, ತಾರಸಿ, ಇವು ಸರಿಯಾದ ಜಾಗ. ಇನ್ನೊಂದು ವಿಷಯ, ಆಳು. ಸ್ಟ್ರಾಬೆರಿ ಹಣ್ಣನ್ನು ಎರಡು–ಮೂರು ದಿನಕ್ಕೊಮ್ಮೆ ಬಿಡಿಸಲೇಬೇಕು. ಆ ಹೊತ್ತಿಗೆ ಅರೇಬಿಕಾ ಕೊಯ್ಲು ಮುಗಿಯುತ್ತ ರೊಬಸ್ಟಾ ಕೊಯ್ಲು ಶುರುವಾಗಿರುತ್ತದೆ. ಮನೆಯವರ ಕೈಯಲ್ಲಿ ಆಗುವಷ್ಟು ಮಡಿ ಮಾತ್ರ ಹಾಕುವುದು ಲೇಸು. ಮೊದಲ ವರ್ಷಕ್ಕೆ ಐದಾರು ಮಡಿ ಸಾಕು.

ಹಾಸನದ ಆಲೂಗಡ್ಡೆ ಹೊಲಗಳಲ್ಲಿ ನಾಟಿ ಮಾಡುವವರು ಎಚ್ಚರದಿಂದಿರಬೇಕು. ಆಲೂಗಡ್ಡೆ, ಟೊಮೇಟೊ, ಮೆಣಸಿನಕಾಯಿ, ಬದನೆ ಬೆಳೆದ ಮಣ್ಣಿನಲ್ಲಿ ಉಳಿಯುವ ವರ್ಟಿಸಿಲಿಯಂ ಸೊರಗು ರೋಗ ಸ್ಟ್ರಾಬೆರಿಗೂ ಹತ್ತುತ್ತದೆ. ಕಳೆದ ಮೂರು ವರ್ಷದಲ್ಲಿ ಇವನ್ನು ಬೆಳೆದಿರದ ತುಂಡನ್ನು ಆರಿಸಿ.

ಹೊರಗಿನ ಬೆಳೆ: ಮಣ್ಣಿನಿಂದ ಹಣ್ಣಿನವರೆಗೆ

ಆಗಸ್ಟ್‌ನಲ್ಲೇ ಮಣ್ಣು ಪರೀಕ್ಷೆ ಮಾಡಿಸಿ. ಮೂಡಿಗೆರೆ ಮತ್ತು ಹಾಸನದ ಕಂದಲಿಯಲ್ಲಿ ಕೃಷಿ ವಿಜ್ಞಾನ ಕೇಂದ್ರಗಳಿವೆ. ಬೇಕಾದ ಪಿಎಚ್ 5.5ರಿಂದ 6.5. ಕಾಫಿ ಸೀಮೆಯ ಮಣ್ಣು ಹುಳಿ ಇರುವುದರಿಂದ ಸಾಮಾನ್ಯವಾಗಿ ಇದಕ್ಕೆ ಹತ್ತಿರವೇ ಇರುತ್ತದೆ. 5ಕ್ಕಿಂತ ಕೆಳಗಿದ್ದರೆ ಮಾತ್ರ ವರದಿಯಲ್ಲಿ ಹೇಳಿದಷ್ಟು ಸುಣ್ಣ ಹಾಕಿ. ಅಂದಾಜಿನ ಮೇಲೆ ಸುಣ್ಣ ಸುರಿಯುವುದು ಬೇಡ, ಪಿಎಚ್ 7 ದಾಟಿದರೆ ಎಲೆ ಹಳದಿಯಾಗಿ ಗಿಡಕ್ಕೆ ಕಬ್ಬಿಣದ ಅಂಶ ಸಿಗದಂತಾಗುತ್ತದೆ.

ಸೆಪ್ಟೆಂಬರ್‌ನಲ್ಲಿ ಮಳೆ ಬಿಡುವು ಕೊಟ್ಟಾಗ ಮಡಿ ಮಾಡಿ. ಮೂರು ಅಡಿ ಅಗಲ, ಹತ್ತು ಅಡಿ ಉದ್ದ, ಒಂದು ಅಡಿ ಎತ್ತರ. ಎತ್ತರದ ವಿಚಾರದಲ್ಲಿ ಜಿಪುಣತನ ಬೇಡ. ಸ್ಟ್ರಾಬೆರಿಯ ಬೇರು ಬಹುಪಾಲು ಮೇಲಿನ ಆರು ಇಂಚಿನಲ್ಲೇ ಇರುತ್ತದೆ, ಅಲ್ಲಿ ನೀರು ಒಂದು ದಿನ ನಿಂತರೂ ಬೇರು ಕಪ್ಪಾಗುತ್ತದೆ. ಅಂಥ ಒಂದು ಮಡಿಗೆ 15ರಿಂದ 20 ಕೆಜಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಅರ್ಧ ಕೆಜಿ ಬೇವಿನ ಹಿಂಡಿ. ಗೊಬ್ಬರಕ್ಕೆ 50 ಗ್ರಾಂ ಟ್ರೈಕೋಡರ್ಮಾ (ಬೇರು ಕಾಯುವ ಉಪಕಾರಿ ಶಿಲೀಂಧ್ರ) ಕಲಸಿ, ತೇವ ಮಾಡಿ, ಗೋಣಿ ಮುಚ್ಚಿ ನೆರಳಿನಲ್ಲಿ ಒಂದು ವಾರ ಇಟ್ಟು ಆಮೇಲೆ ಮಡಿಗೆ ಸೇರಿಸಿದರೆ ಬೇರು ಕೊಳೆಗೆ ಒಳ್ಳೆಯ ತಡೆ. ಹಸಿ ಸಗಣಿ ಮಾತ್ರ ಹಾಕಬೇಡಿ, ಗೊಣ್ಣೆಹುಳು ಅದರ ಜೊತೆಗೇ ಬರುತ್ತದೆ.

ಮಡಿಯ ಮೇಲೆ ಅಡಿಗೊಂದು ತೂತಿನ ಡ್ರಿಪ್ ಪೈಪು ಎರಡು ಸಾಲು ಎಳೆದು, 25–30 ಮೈಕ್ರಾನಿನ ಮಲ್ಚಿಂಗ್ ಶೀಟ್, ಅಂದರೆ ಮಣ್ಣು ಮುಚ್ಚುವ ಪ್ಲಾಸ್ಟಿಕ್ ಹಾಳೆ, ಬಿಗಿಯಾಗಿ ಹೊದಿಸಿ. ಮೇಲೆ ಬೆಳ್ಳಿ ಬಣ್ಣ, ಕೆಳಗೆ ಕಪ್ಪು ಇರುವ ಶೀಟ್ ನಮ್ಮ ಫೆಬ್ರುವರಿ ಬಿಸಿಲಿಗೆ ಮೇಲು. ಬರೀ ಕಪ್ಪು ಶೀಟ್ ಬುಡವನ್ನು ಕಾಯಿಸಿಬಿಡುತ್ತದೆ. ಭತ್ತದ ಹುಲ್ಲು ಹಾಸಿಯೂ ಬೆಳೆಯಬಹುದು, ಆದರೆ ಮಲೆನಾಡಿನ ತೇವಕ್ಕೆ ಹುಲ್ಲಿನಡಿ ಬಸವನಹುಳು ಸೇರಿಕೊಳ್ಳುತ್ತದೆ. ನಾನು ಶೀಟಿನ ಪರ.

ನಾಟಿಗೆ ಒಳ್ಳೆಯ ಹೊತ್ತು ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮಧ್ಯದವರೆಗೆ, ಸಂಜೆ ವೇಳೆ. ಒಂದಡಿ ಅಂತರದಲ್ಲಿ ಎರಡು ಸಾಲು, ಒಂದರ ಎದುರು ಒಂದು ಬಾರದಂತೆ ಓರೆಯಾಗಿ. ಹತ್ತು ಅಡಿ ಮಡಿಗೆ 20 ಗಿಡ. ಇಲ್ಲಿ ಗಮನ ಇಡಬೇಕಾದದ್ದು ಸುಳಿಯ ಮೇಲೆ. ಎಲೆಗಳೆಲ್ಲ ಹುಟ್ಟುವ ಆ ದಪ್ಪ ಬುಡದ ಅರ್ಧ ಭಾಗ ಮಣ್ಣಿನಲ್ಲಿ, ಅರ್ಧ ಮೇಲೆ ಇರಬೇಕು. ಸುಳಿ ಹೂತುಹೋದರೆ ಹತ್ತು ದಿನದಲ್ಲಿ ಕೊಳೆಯುತ್ತದೆ; ಬೇರು ಮೇಲೆ ಕಂಡರೆ ಒಣಗುತ್ತದೆ. ನೆಟ್ಟ ಮೇಲೆ ನೀರು ಕೊಟ್ಟಾಗ ಮಣ್ಣು ಕುಸಿದು ಗಿಡ ಒಳಗಿಳಿಯುವುದುಂಟು, ಮರುದಿನ ಬೆಳಿಗ್ಗೆ ಒಂದೊಂದನ್ನೂ ನೋಡಿ ಸರಿಪಡಿಸಿ. ಮೊದಲ ಎಂಟು–ಹತ್ತು ದಿನ ಮೇಲೆ ನೆರಳು ಬಲೆ ಇರಲಿ.

ಡೇ-ನ್ಯೂಟ್ರಲ್ ಗಿಡ ನೆಟ್ಟ ಕೆಲವೇ ವಾರದಲ್ಲಿ ಹೂ ತೋರಿಸುತ್ತದೆ. ಮನಸ್ಸು ಗಟ್ಟಿ ಮಾಡಿ ಮೊದಲ ನಾಲ್ಕರಿಂದ ಆರು ವಾರದ ಹೂಗಳನ್ನೆಲ್ಲ ಚಿವುಟಿ. ಬೇರು ಬಿಡದ ಗಿಡದ ಮೇಲೆ ಹಣ್ಣಿನ ಭಾರ ಬಿದ್ದರೆ ಅದು ಚಳಿಗಾಲವಿಡೀ ಕುಳ್ಳಾಗಿಯೇ ಉಳಿಯುತ್ತದೆ. ಹಬ್ಬು ಬಳ್ಳಿಗಳನ್ನೂ ಕಂಡಕಂಡಂತೆ ಕತ್ತರಿಸಿ, ಈ ಕಾಲದಲ್ಲಿ ಅವು ಹಣ್ಣಿನ ಪಾಲು ತಿನ್ನುತ್ತವೆ.

ನೀರು ಬೆಳಿಗ್ಗೆಯೇ, ಡ್ರಿಪ್ಪಿನಲ್ಲೇ. ಎಳೆಯ ಗಿಡಕ್ಕೆ ದಿನಕ್ಕೆ ಒಂದು ಲೋಟ, ಹಣ್ಣು ತುಂಬಿದಾಗ ಬಿಸಿಲು ನೋಡಿ ಅರ್ಧ ಲೀಟರಿನವರೆಗೆ. ಶೀಟ್ ಎತ್ತಿ ಮಣ್ಣು ಹಿಡಿದು ನೋಡಿ, ಹಿಂಡಿದರೆ ಉಂಡೆಯಾಗಬೇಕು, ಬೆರಳು ತಾಗಿದರೆ ಒಡೆಯಬೇಕು. ಅರಸೀಕೆರೆ, ಚನ್ನರಾಯಪಟ್ಟಣದ ಕಡೆಯ ಬೋರ್‌ವೆಲ್ ನೀರು ಗಡಸು. ಸ್ಟ್ರಾಬೆರಿಗೆ ಉಪ್ಪಿನಂಶ ಸಹಿಸುವ ಶಕ್ತಿ ಬಹಳ ಕಡಿಮೆ, ಎಲೆಯಂಚು ಕಂದಾಗಿ ಸುಟ್ಟಂತೆ ಕಾಣುವುದು ಮೊದಲ ಸೂಚನೆ. ಅಂಥಲ್ಲಿ ಚಾವಣಿಯ ಮಳೆನೀರು ಹಿಡಿದಿಟ್ಟು ಬೆರೆಸಿ ಕೊಡುವುದು ಅತಿ ಒಳ್ಳೆಯ ಉಪಾಯ.

ಗೊಬ್ಬರ ಕಡಿಮೆಯಾದರೂ ನಡೆಯುತ್ತದೆ, ಹೆಚ್ಚಾದರೆ ಕೆಟ್ಟಿತು. ಮೊದಲ ತಿಂಗಳು ವಾರಕ್ಕೊಮ್ಮೆ ಲೀಟರಿಗೆ 1 ಗ್ರಾಂ 19:19:19, ಅಂದರೆ ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವ ನೀರಿನಲ್ಲಿ ಕರಗುವ ಗೊಬ್ಬರ. ಹೂ ಶುರುವಾದ ಮೇಲೆ ಅದನ್ನು ನಿಲ್ಲಿಸಿ ಒಂದು ವಾರ ಪೊಟ್ಯಾಷ್ ಹೆಚ್ಚಿರುವ 13:0:45, ಮತ್ತೊಂದು ವಾರ ಕ್ಯಾಲ್ಸಿಯಂ ನೈಟ್ರೇಟ್. ಕ್ಯಾಲ್ಸಿಯಂ ನೈಟ್ರೇಟನ್ನು ಬೇರೆ ಗೊಬ್ಬರದ ಜೊತೆ ಒಂದೇ ಡ್ರಮ್ಮಿನಲ್ಲಿ ಕಲಸಬೇಡಿ, ತಳದಲ್ಲಿ ಗಸಿ ಕಟ್ಟಿ ಡ್ರಿಪ್ ಕಟ್ಟಿಕೊಳ್ಳುತ್ತದೆ. ಯೂರಿಯಾ ಬೇಡವೇ ಬೇಡ. ಎಲೆ ಹಸಿರುಕ್ಕಿ ಹಣ್ಣು ಮೆತ್ತಗಾಗುತ್ತದೆ.

ಮಂಜು ಮತ್ತು ಹೂಮಳೆ

ನಮ್ಮ ಸೀಮೆಯಲ್ಲಿ ಸ್ಟ್ರಾಬೆರಿ ಗೆಲ್ಲುವುದೂ ಸೋಲುವುದೂ ಇಲ್ಲೇ.

ಬೂದು ಅಚ್ಚು, ಅಂದರೆ ಬೊಟ್ರೈಟಿಸ್ ಎಂಬ ಶಿಲೀಂಧ್ರಕ್ಕೆ 15ರಿಂದ 25 ಡಿಗ್ರಿ ತಂಪು ಮತ್ತು ಒದ್ದೆ ಹೂ ಸಿಕ್ಕರೆ ಸಾಕು. ಮಲೆನಾಡಿನ ಡಿಸೆಂಬರ್ ಮುಂಜಾನೆ ಅದಕ್ಕೆ ಎರಡನ್ನೂ ಕೊಡುತ್ತದೆ. ಹೂವಿನಲ್ಲೇ ಒಳಹೊಕ್ಕು ಸುಮ್ಮನೆ ಕುಳಿತು, ಹಣ್ಣು ಕೆಂಪಾಗುವಾಗ ಬೂದು ಬಣ್ಣದ ತುಪ್ಪಳವಾಗಿ ಹೊರಬರುತ್ತದೆ. ಹಣ್ಣಿನ ಮೇಲೆ ಕಂಡ ಮೇಲೆ ಔಷಧಿ ಹೊಡೆದು ಪ್ರಯೋಜನವಿಲ್ಲ, ಕಾಯಬೇಕಾದದ್ದು ಹೂವನ್ನು.

ಅದಕ್ಕೇ ಹೊದಿಕೆ. ಬಿದಿರಿನ ದಬ್ಬೆ ಅಥವಾ ದಪ್ಪ ಜಿಐ ತಂತಿಯನ್ನು ಕಮಾನಿನಂತೆ ಬಗ್ಗಿಸಿ ಮೂರು–ನಾಲ್ಕು ಅಡಿಗೊಂದರಂತೆ ಮಡಿಯ ಎರಡು ಬದಿಗೆ ಊರಿ. ಎತ್ತರ ಮೂರು ಅಡಿ. ಮೇಲೆ ಯುವಿ ತಡೆಯುವ ಪಾರದರ್ಶಕ ಪಾಲಿಥೀನ್. ಸಂಜೆ ಐದರ ಹೊತ್ತಿಗೆ ಇಳಿಸಿ, ಬೆಳಿಗ್ಗೆ ಬಿಸಿಲು ತಾಗಿದ ಕೂಡಲೇ ಎರಡೂ ಬದಿ ಎತ್ತಿ ಕಟ್ಟಿ. ಎರಡು ತುದಿ ಯಾವಾಗಲೂ ತೆರೆದೇ ಇರಬೇಕು. ಮುಚ್ಚಿಟ್ಟು ಮರೆತರೆ ಒಳಗೆ ಬೆವರಿಳಿದು ರೋಗ ಇಮ್ಮಡಿಯಾಗುತ್ತದೆ, ಮಧ್ಯಾಹ್ನಕ್ಕೆ ಒಳಗಿನ ಕಾವು 35 ದಾಟಿ ಪರಾಗವೂ ಸಾಯುತ್ತದೆ. ದಿನಾ ಎತ್ತಿ ಇಳಿಸಲು ಆಗದವರು ಬದಿಗಳಿಲ್ಲದೆ ಬರೀ ಮೇಲ್ಚಾವಣಿಯಂತೆ ಆರು ಅಡಿ ಎತ್ತರಕ್ಕೆ ಶೀಟ್ ಕಟ್ಟಲಿ. ಖರ್ಚು ಸ್ವಲ್ಪ ಹೆಚ್ಚು, ಕೆಲಸ ಕಡಿಮೆ.

ಅಕ್ಟೋಬರ್–ನವೆಂಬರ್‌ನ ಹಿಂಗಾರು ಮತ್ತು ಬಂಗಾಳ ಕೊಲ್ಲಿಯ ಚಂಡಮಾರುತದ ಮಳೆಗೂ ಇದೇ ರಕ್ಷಣೆ. ಫೆಬ್ರುವರಿ–ಮಾರ್ಚ್‌ನಲ್ಲಿ ಕಾಫಿ ಹೂ ಅರಳಲೆಂದು ಬೆಳೆಗಾರರೆಲ್ಲ ಮುಗಿಲು ನೋಡಿ ಕಾಯುವ ಹೂಮಳೆ ಸ್ಟ್ರಾಬೆರಿಯ ಮಟ್ಟಿಗೆ ದೊಡ್ಡ ಕಂಟಕ. ತುಂಬಿದ ಹಣ್ಣಿನ ಮೇಲೆ ಒಂದಿಂಚು ಮಳೆ ಬಿದ್ದರೆ ವಾರದ ಫಸಲು ಕೊಳೆಯುತ್ತದೆ. ಮಳೆ ಬಾರದಿದ್ದರೆ ತೋಟಕ್ಕೆ ಸ್ಪ್ರಿಂಕ್ಲರ್ ಹಾಕುತ್ತಾರೆ, ಆ ಜೆಟ್ಟಿನ ನೀರು ಮಡಿಯವರೆಗೆ ಬರದಷ್ಟು ದೂರವನ್ನು ಮೊದಲೇ ನೋಡಿಕೊಳ್ಳಿ.

ಕೊಳೆತ ಹಣ್ಣು, ಒಣಗಿದ ಎಲೆಯನ್ನು ಬುಡದಲ್ಲಿ ಬಿಡದೆ ದಿನಾ ಆರಿಸಿ ದೂರ ಹೂಳಿ. ಈ ಒಂದು ಅಭ್ಯಾಸಕ್ಕೆ ಯಾವ ಔಷಧಿಯೂ ಸಮವಲ್ಲ.

ಪ್ರಾಣಿಗಳ ವಿಷಯ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಪಿಕಳಾರ ಹಕ್ಕಿ ಮತ್ತು ನವಿಲಿಗೆ ಬಲೆ ಸಾಕು. ಮಂಗನ ಹಿಂಡು ಬರುವ ಊರಾದರೆ ಬಲೆ ನಿಲ್ಲುವುದಿಲ್ಲ, ವೆಲ್ಡ್ ಮೆಶ್ ಗೂಡೇ ಬೇಕು. ಆ ಖರ್ಚು ಸೇರಿಸಿಕೊಂಡು ಎಷ್ಟು ಮಡಿ ಎಂದು ತೀರ್ಮಾನಿಸಿ.

ಮನೆಯೊಳಗೆ

ಸೆಕೆಯ ಊರುಗಳಲ್ಲಿ ಒಳಗೆ ಬೆಳೆಯುವವರಿಗೆ ದೀಪದ ಜೊತೆ ಎಸಿಯ ಖರ್ಚೂ ಇದೆ. ನಮಗೆ ಆ ಖರ್ಚಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಚಿಕ್ಕಮಗಳೂರಿನ ಹೆಂಚಿನ ಮನೆಯ ಒಂದು ಕೋಣೆ ತಾನಾಗಿಯೇ 20ರಿಂದ 24 ಡಿಗ್ರಿಯಲ್ಲಿರುತ್ತದೆ. ಗಿಡಕ್ಕೆ ಇದಕ್ಕಿಂತ ಒಳ್ಳೆಯ ಕಾವಿಲ್ಲ. ಕೊರತೆ ಎರಡು: ಬೆಳಕಿಲ್ಲ, ಗಾಳಿಯಲ್ಲಿ ತೇವ ಅತಿ.

ಬೆಳಕಿನ ಲೆಕ್ಕ ಹೀಗೆ. ಸ್ಟ್ರಾಬೆರಿಗೆ ಎಲೆಯ ಮಟ್ಟದಲ್ಲಿ ಸೆಕೆಂಡಿಗೆ ಚದರ ಮೀಟರಿಗೆ 200ರಿಂದ 300 ಮೈಕ್ರೋಮೋಲ್ (ಗಿಡಕ್ಕೆ ಬೀಳುವ ಬೆಳಕಿನ ಕಣಗಳ ಅಳತೆ) ಬೆಳಕು ಬೇಕು. ಅದನ್ನು ದಿನಕ್ಕೆ 14ರಿಂದ 16 ಗಂಟೆ ಕೊಟ್ಟರೆ ದಿನದ ಒಟ್ಟು 10ರಿಂದ 17 ಮೋಲ್ ಆಗುತ್ತದೆ, ಹಣ್ಣಿಗೆ ಇದು ಸಾಕು. ಒಳ್ಳೆಯ ಎಲ್‌ಇಡಿ ಒಂದು ವಾಟ್‌ಗೆ ಸುಮಾರು 2.5 ಮೈಕ್ರೋಮೋಲ್ ಕೊಡುತ್ತದೆ. ಹಾಗಾಗಿ ಒಂದು ಚದರ ಮೀಟರ್ ಜಾಗಕ್ಕೆ, ಅಂದರೆ ಹತ್ತು–ಹನ್ನೆರಡು ಕುಂಡಕ್ಕೆ, ನಿಜವಾದ 100 ವಾಟ್ ಎಳೆಯುವ ಪ್ಯಾನೆಲ್ ಒಂದು. ಡಬ್ಬಿಯ ಮೇಲೆ 1000 ವಾಟ್ ಎಂದು ಬರೆದಿರುವುದನ್ನು ನೋಡಬೇಡಿ, ಪ್ಲಗ್ಗಿನಿಂದ ಎಷ್ಟು ಎಳೆಯುತ್ತದೆ ಎಂದು ಕೇಳಿ. ನೇರಳೆ ಬಣ್ಣದ್ದು ಬೇಡ, ಬಿಳಿ ಬೆಳಕಿನ ಫುಲ್ ಸ್ಪೆಕ್ಟ್ರಮ್ ತೆಗೆದುಕೊಳ್ಳಿ. ನೇರಳೆ ಬೆಳಕಿನಲ್ಲಿ ಎಲೆ ಹಳದಿಯಾದದ್ದೂ ನುಸಿ ಹತ್ತಿದ್ದೂ ಕಣ್ಣಿಗೆ ಕಾಣುವುದಿಲ್ಲ. ಗಿಡದಿಂದ ಒಂದಡಿ–ಒಂದೂವರೆ ಅಡಿ ಮೇಲೆ ತೂಗುಹಾಕಿ. ಹೊತ್ತು ತಪ್ಪದಂತೆ ಟೈಮರ್ ಸ್ವಿಚ್ ಹಾಕಿಬಿಡಿ. ಕಿಟಕಿಯ ಬೆಳಕೊಂದನ್ನೇ ನಂಬಿ ಕುಂಡ ಇಟ್ಟರೆ ಆಷಾಢದಲ್ಲಿ ತೊಟ್ಟು ಉದ್ದವಾಗಿ ಗಿಡ ಬಿಳಚಿಕೊಳ್ಳುತ್ತದೆ.

ಬಿಲ್ ಎಷ್ಟು? 100 ವಾಟ್ 14 ಗಂಟೆ ಉರಿದರೆ ದಿನಕ್ಕೆ 1.4 ಯೂನಿಟ್, ತಿಂಗಳಿಗೆ 42. ಹಾಸನದವರು ಚೆಸ್ಕಾಂ, ಚಿಕ್ಕಮಗಳೂರಿನವರು ಮೆಸ್ಕಾಂ ಬಿಲ್ ಮುಂದಿಟ್ಟುಕೊಂಡು ನೋಡಿ. ಗೃಹಜ್ಯೋತಿಯ ಉಚಿತ ಮಿತಿ ಮನೆಯ ಹಿಂದಿನ ಸರಾಸರಿ ಬಳಕೆಗೆ ಕಟ್ಟಿಬಿದ್ದಿದೆ. ಈ 42 ಯೂನಿಟ್ಟು ಆ ಮಿತಿಯ ಮೇಲೆ ಬಂದು ಕೂರುತ್ತದೆ. ಒಟ್ಟು ಬಳಕೆ 200 ದಾಟಿದರೆ ಇಡೀ ಬಿಲ್ ಕಟ್ಟಬೇಕು. ಹನ್ನೆರಡು ಗಿಡದಿಂದ ಒಂದು ಹಂಗಾಮಿಗೆ ಎರಡು–ಮೂರು ಕೆಜಿ ಹಣ್ಣು ಬಂದರೆ ಒಳ್ಳೆಯ ಬೆಳೆ. ಮಾರಾಟದ ಲೆಕ್ಕಕ್ಕೆ ಇದು ಕೂಡುವುದಿಲ್ಲ. ಮನೆಯ ಮಕ್ಕಳಿಗೆ ಆಗಸ್ಟ್‌ನಲ್ಲಿ ಹಣ್ಣು ಬೇಕೆಂದು, ಬೆಳೆಸುವ ಸಂತೋಷಕ್ಕೆಂದು ಮಾಡುವುದಾದರೆ ಮಾಡಿ.

ನಡುವಣ ದಾರಿಯೂ ಒಂದಿದೆ, ನನಗೆ ಇದೇ ಹೆಚ್ಚು ಇಷ್ಟ. ಹಾಸನ, ಚಿಕ್ಕಮಗಳೂರು ಪೇಟೆಯ ತಾರಸಿಯ ಮೇಲೆ ಪಾರದರ್ಶಕ ಶೀಟಿನ ಚಾವಣಿ ಕಟ್ಟಿ, ಸುತ್ತ ತೆರೆದಿಟ್ಟು ಕುಂಡಗಳನ್ನು ಅದರಡಿ ಇಡುವುದು. ಮೋಡದ ದಿನದ ಬೆಳಕೂ ಬಹಳಷ್ಟು ಸಲ ಮೇಲೆ ಹೇಳಿದ ದೀಪದಷ್ಟು ಕೊಡುತ್ತದೆ, ಗಾಳಿ ಪುಕ್ಕಟೆ, ಜೇನು ತಾನಾಗಿ ಬರುತ್ತದೆ. ಮೂಡಿಗೆರೆ, ಸಕಲೇಶಪುರದಲ್ಲಿ ಮಾತ್ರ ಇದು ನಡೆಯದು. ಅಲ್ಲಿಯ ಇರಚಲು ಚಾವಣಿ ಇದ್ದರೂ ಪಕ್ಕದಿಂದ ತೋಯಿಸುತ್ತದೆ.

ಕೋಣೆಯೊಳಗಿನ ಕ್ರಮಕ್ಕೆ ಬರೋಣ. ಎಂಟು ಇಂಚಿನ, ತಳದಲ್ಲಿ ಚೆನ್ನಾಗಿ ತೂತಿರುವ ಕುಂಡ. ಕೊಕೊಪೀಟ್ ಎರಡು ಪಾಲು, ಎರೆಗೊಬ್ಬರ ಒಂದು ಪಾಲು, ಪರ್ಲೈಟ್ ಅಥವಾ ದಪ್ಪ ಮರಳು ಒಂದು ಪಾಲು. ಕೊಕೊಪೀಟನ್ನು ಎರಡು–ಮೂರು ನೀರಿನಲ್ಲಿ ತೊಳೆದೇ ಬಳಸಿ, ತೆಂಗಿನ ನಾರಿನಲ್ಲಿ ಉಪ್ಪಿನಂಶ ಉಳಿದಿರುತ್ತದೆ. ಬೆರಳನ್ನು ಒಂದಿಂಚು ಒತ್ತಿ ಒಣಗಿದೆ ಎನಿಸಿದಾಗ ಮಾತ್ರ ನೀರು, ತಟ್ಟೆಯಲ್ಲಿ ಇಳಿದ ನೀರನ್ನು ಚೆಲ್ಲಿ. ದ್ರವ ಗೊಬ್ಬರದ ಇಸಿ, ಅಂದರೆ ನೀರಿನಲ್ಲಿ ಕರಗಿದ ಲವಣದ ಅಳತೆ, 1.0ರಿಂದ 1.4ರೊಳಗೆ ಇರಲಿ, ಮೀಟರ್ ಇಲ್ಲದವರು ಡಬ್ಬಿಯಲ್ಲಿ ಹೇಳಿದ್ದರ ಅರ್ಧ ಹಾಕಲಿ.

ಫ್ಯಾನ್ ಇಲ್ಲದೆ ಒಳಗಿನ ಬೆಳೆ ಇಲ್ಲ. ಮಳೆಗಾಲದ ಕೋಣೆಯಲ್ಲಿ ತೇವ 85–90 ಶೇಕಡ ಇರುತ್ತದೆ, ಬೇಕಾದದ್ದು 60–70. ಚಿಕ್ಕ ಟೇಬಲ್ ಫ್ಯಾನನ್ನು ಎಲೆ ಮೆಲ್ಲಗೆ ಅಲುಗುವಷ್ಟು ಓಡಿಸಿ, ದೀಪ ಆರಿದ ಮೇಲೂ. ಒಂದು ಕಿಟಕಿಯಲ್ಲಿ ಎಗ್ಜಾಸ್ಟ್ ಇದ್ದರೆ ಇನ್ನೂ ಒಳ್ಳೆಯದು. ಎಲೆ ಮೇಲ್ಮುಖವಾಗಿ ಮಡಚಿಕೊಂಡು ಅಡಿಯಲ್ಲಿ ಬಿಳಿ ಪುಡಿ ಕಂಡರೆ ಬೂದಿ ರೋಗ. ಆ ಎಲೆಗಳನ್ನು ತೆಗೆದು, ನೀರಿನಲ್ಲಿ ಕರಗುವ ಗಂಧಕ ಲೀಟರಿಗೆ 2 ಗ್ರಾಂ ಸಿಂಪಡಿಸಿ. ಇನ್ನೊಂದು ಶತ್ರು ಕೆಂಪು ನುಸಿ. ಮಳೆ ತೊಳೆಯದ ಜಾಗದಲ್ಲಿ ಅದು ಬೇಗ ಹೆಚ್ಚುತ್ತದೆ. ವಾರಕ್ಕೊಮ್ಮೆ ಎಲೆಯ ಅಡಿಭಾಗವನ್ನು ಭೂತಗನ್ನಡಿಯಲ್ಲಿ ನೋಡಿ, ಕಂಡ ದಿನವೇ ನೀರಿನ ರಭಸಕ್ಕೆ ತೊಳೆದು ಬೇವಿನ ಎಣ್ಣೆ ಕೊಡಿ.

ಪರಾಗಸ್ಪರ್ಶವನ್ನು ಹೆಚ್ಚಿನವರು ಮರೆಯುತ್ತಾರೆ. ಸ್ಟ್ರಾಬೆರಿಯ ಮೈಮೇಲಿನ ಒಂದೊಂದು ಬೀಜವೂ ನಿಜದಲ್ಲಿ ಒಂದೊಂದು ಪುಟ್ಟ ಕಾಯಿ. ಅದಕ್ಕೆ ಪರಾಗ ತಾಗಿ ಫಲಿಸಿದರೆ ಅದು ಹೊರಡಿಸುವ ಆಕ್ಸಿನ್ ಎಂಬ ಹಾರ್ಮೋನಿನಿಂದ ಸುತ್ತಲ ತಿರುಳು ಉಬ್ಬುತ್ತದೆ. ತಾಗದ ಕಡೆ ಉಬ್ಬುವುದಿಲ್ಲ, ಹಣ್ಣು ಸೊಟ್ಟಗಾಗುತ್ತದೆ. ಹೊರಗೆ ತುಡುವೆ ಮತ್ತು ಮುಜಂಟಿ ಜೇನು ಈ ಕೆಲಸ ಮಾಡುತ್ತವೆ. ಒಳಗೆ ನೀವೇ ಮಾಡಬೇಕು. ಹೂ ಅರಳಿದ ದಿನದಿಂದ ಮೂರು ದಿನ, ಮಧ್ಯಾಹ್ನದ ಹೊತ್ತಿಗೆ, ಮೃದುವಾದ ಪೇಂಟ್ ಬ್ರಶ್ಶಿನಿಂದ ಹಳದಿ ಕೇಸರಗಳ ಮೇಲೂ ನಡುವಿನ ದಿಬ್ಬದ ಮೇಲೂ ಸುತ್ತಿಸಿ. ಆ ದಿಬ್ಬದ ತುದಿಯವರೆಗೆ ಬ್ರಶ್ ಹೋಗಲಿ.

ಮಳೆಗಾಲದಲ್ಲಿ ಮರ ಬಿದ್ದು ಎರಡು–ಮೂರು ದಿನ ಕರೆಂಟ್ ಹೋಗುವುದು ಮಲೆನಾಡಿನಲ್ಲಿ ಹೊಸದಲ್ಲ. ಗಾಬರಿಯಾಗಬೇಡಿ. ಡೇ-ನ್ಯೂಟ್ರಲ್ ಗಿಡ ಬೆಳಕಿನ ಹೊತ್ತು ತಪ್ಪಿತೆಂದು ಹೂ ನಿಲ್ಲಿಸುವುದಿಲ್ಲ. ಕುಂಡಗಳನ್ನು ಜಗಲಿಗೆ ತಂದಿಟ್ಟು ನೀರು ಕಡಿಮೆ ಮಾಡಿ, ಸಾಕು.

ಬಿಡಿಸುವುದು

ಹೂವಿನಿಂದ ಹಣ್ಣಿಗೆ ಸುಮಾರು ಒಂದು ತಿಂಗಳು, ಚಳಿ ಹೆಚ್ಚಾದರೆ ಇನ್ನೊಂದಿಷ್ಟು ದಿನ. ಸ್ಟ್ರಾಬೆರಿ ಬಿಡಿಸಿದ ಮೇಲೆ ಹಣ್ಣಾಗುವ ಜಾತಿಯಲ್ಲ. ಬಣ್ಣ ಸ್ವಲ್ಪ ಏರಬಹುದು, ಸಿಹಿ ಏರುವುದಿಲ್ಲ. ಮನೆಗಾದರೆ ತೊಟ್ಟಿನ ಬುಡದವರೆಗೆ ಕೆಂಪಾಗಲು ಬಿಡಿ. ಹತ್ತಿರದ ಹೋಂಸ್ಟೇಗಳಿಗೆ ಕೊಡುವುದಾದರೆ ಮುಕ್ಕಾಲು ಕೆಂಪಿನಲ್ಲಿ. ಮಂಜು ಆರಿದ ಮೇಲೆ, ಬಿಸಿಲೇರುವ ಮೊದಲು, ಹಣ್ಣು ಎಳೆಯದೆ ತೊಟ್ಟನ್ನು ಉಗುರಿನಿಂದ ಚಿವುಟಿ. ತಿನ್ನುವವರೆಗೆ ತೊಳೆಯಬಾರದು. ತೊಳೆದದ್ದು ಮಾರನೆಯ ದಿನಕ್ಕೆ ಬೂಸ್ಟು.

ಏಪ್ರಿಲ್ ನಂತರ

ಬಿಸಿಲೇರಿದಂತೆ ಹೊರಗಿನ ಹಣ್ಣು ಸಣ್ಣದಾಗುತ್ತ ಬರುತ್ತದೆ. ಆಗ ಚೆನ್ನಾಗಿ ಹಣ್ಣು ಕೊಟ್ಟ, ರೋಗ ಕಾಣದ ಗಿಡಗಳಿಗೆ ಗುರುತು ಹಾಕಿ. ಅವುಗಳಲ್ಲಿ ಐದಾರನ್ನು ಬೇರು ಸಮೇತ ಎತ್ತಿ ಕುಂಡಕ್ಕೆ ಹಾಕಿ ನೆರಳಿನಲ್ಲಿಡಿ, ಹಳೆಯ ಎಲೆಗಳನ್ನು ಕತ್ತರಿಸಿ. ಉಳಿದವನ್ನು ಕಿತ್ತು ಮಡಿಯಲ್ಲಿ ಹುರುಳಿ ಅಥವಾ ಸೆಣಬು ಬಿತ್ತಿ, ಮಳೆಗಾಲದಲ್ಲಿ ಮಣ್ಣಿಗೆ ಸೇರಿಸಿ.

ದೀಪದಿಂದ ನನಗೆ ಅತಿ ಹೆಚ್ಚು ಉಪಯೋಗ ಕಾಣುವುದು ಈ ಹಂತದಲ್ಲಿ. ಜೂನ್ ಕೊನೆಗೆ ಆ ತಾಯಿಗಿಡಗಳನ್ನು ಒಳಗೆ ತಂದು ದಿನಕ್ಕೆ 16 ಗಂಟೆ ಬೆಳಕು ಕೊಡಿ. ಶಾರ್ಟ್-ಡೇ ತಳಿಗಳಿಗೆ ಇದು ಬೇಸಿಗೆಯ ಉದ್ದ ಹಗಲಿನಂತೆ ತೋರಿ, ಹೂ ನಿಲ್ಲಿಸಿ ಬಳ್ಳಿ ಹಬ್ಬಿಸತೊಡಗುತ್ತವೆ. ಡೇ-ನ್ಯೂಟ್ರಲ್ ಗಿಡದಲ್ಲಿ ಬಳ್ಳಿ ಕಡಿಮೆ, ಬಂದ ಹೂವನ್ನೆಲ್ಲ ಚಿವುಟಿದರೆ ಕೆಲವು ಸಿಕ್ಕಾವು. ಬಳ್ಳಿಯ ಗಂಟಿನಲ್ಲಿ ಮೂರು ಎಲೆ ಕಂಡಾಗ ಅದನ್ನು ಕೊಕೊಪೀಟ್ ತುಂಬಿದ ಪೇಪರ್ ಕಪ್ಪಿನ ಮೇಲೆ ತಂತಿಯ ಕೊಂಡಿಯಿಂದ ಒತ್ತಿ ಕೂರಿಸಿ. ಮೂರು–ನಾಲ್ಕು ವಾರದಲ್ಲಿ ಪೇಪರ್ ಕಪ್ ತುಂಬ ಬೇರು ಬರುತ್ತದೆ, ಆಮೇಲೆ ತಾಯಿಯ ಕಡೆಯ ಬಳ್ಳಿ ಕತ್ತರಿಸಿ. ಪ್ರತಿ ತಾಯಿಯಿಂದಲೂ ಮೊದಲ ಎರಡು ಪೀಳಿಗೆಯ ಸಸಿಗಳನ್ನು ಮಾತ್ರ ಇಟ್ಟುಕೊಳ್ಳಿ, ತುದಿಯವು ಬಡಕಲು. ಎಲೆ ಮುದುಡಿದ, ಹಳದಿ ಮಚ್ಚೆಯ ತಾಯಿಗಿಡದಿಂದ ಸಸಿ ಬೇಡ, ವೈರಸ್ ಬಳ್ಳಿಯ ಮೂಲಕವೇ ಮುಂದಿನ ಗಿಡಕ್ಕೆ ಹೋಗುತ್ತದೆ. ಎರಡು ವರ್ಷ ಹೀಗೆ ನಡೆಸಿ ಮೂರನೆಯ ವರ್ಷ ನರ್ಸರಿಯಿಂದ ಹೊಸ ಸಸಿ ತರಿಸುವುದು ಒಳ್ಳೆಯದು.

ಸೆಪ್ಟೆಂಬರ್ ಎರಡನೆಯ ವಾರದಿಂದ ಸಸಿಯ ಪೇಪರ್ ಕಪ್‌ಗಳನ್ನು ಹಗಲು ಹೊತ್ತು ಜಗಲಿಯಲ್ಲಿಟ್ಟು ಗಾಳಿಗೆ ಬಿಸಿಲಿಗೆ ಒಗ್ಗಿಸಿ. ಮಡಿಗೆ ಶೀಟ್ ಹೊದಿಸಿ, ಕಮಾನು ಊರಿ ಮುಗಿದ ಮೇಲೆ, ಮೋಡ ಕವಿದ ಒಂದು ಸಂಜೆ ನೋಡಿ ನಾಟಿ ಮಾಡಿ.